ತಕ್ಕಡಿಯ ಎರಡು ತಟ್ಟೆ: ರಾಸಾಯನಿಕ ಸಮೀಕರಣಗಳನ್ನು ಅರಿಯುವ ಬಗೆ

(ಸಂಘದ ವಿದ್ಯಾರ್ಥಿ ಮಾರ್ಗದರ್ಶನ ಶಿಬಿರದಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



 

ಇಂದಿನ ವಿಷಯ ರಾಸಾಯನಿಕ ಸಮೀಕರಣ ಎಂದು ಕೇಳಿದ ಕೂಡಲೇ ನಿಮ್ಮಲ್ಲಿ ಕೆಲವರು ಮುಖ ಸಣ್ಣದು ಮಾಡಿಕೊಂಡಿರಬಹುದು. ಹತ್ತನೇ ತರಗತಿಯ ವಿಜ್ಞಾನ ಪುಸ್ತಕದ ಮೊದಲ ಪಾಠವೇ ಇದು. ಮೊದಲ ಪಾಠದಲ್ಲಿ ಎಡವಿದವರು ಉಳಿದ ಪಾಠಗಳನ್ನೂ ಭಯದಿಂದಲೇ ತೆರೆಯುತ್ತಾರೆ. ಪರೀಕ್ಷೆ ಹತ್ತಿರ ಬಂದಾಗ ಇಪ್ಪತ್ತು ಮೂವತ್ತು ಸಮೀಕರಣಗಳನ್ನು ಬಾಯಿಪಾಠ ಮಾಡುತ್ತಾರೆ. ಪ್ರಶ್ನೆಪತ್ರಿಕೆಯಲ್ಲಿ ಮೂವತ್ತೊಂದನೆಯದು ಬಂದರೆ ಪೆನ್ನು ನಿಲ್ಲುತ್ತದೆ. ಆಮೇಲೆ 'ಸೈನ್ಸ್ ನಮಗೆ ಹೇಳಿದ್ದಲ್ಲ' ಎಂಬ ತೀರ್ಮಾನಕ್ಕೆ ಬಂದುಬಿಡುತ್ತಾರೆ. ಹದಿನೈದನೇ ವಯಸ್ಸಿನಲ್ಲಿ ಮಾಡಿದ ಈ ಒಂದು ತೀರ್ಮಾನದಿಂದ ನರ್ಸಿಂಗ್, ಫಾರ್ಮಸಿ, ಕೃಷಿ ವಿಜ್ಞಾನ, ವೈದ್ಯಕೀಯ, ಇಂಜಿನಿಯರಿಂಗ್ ಎಂಬ ಎಷ್ಟೋ ಬಾಗಿಲುಗಳು ಒಮ್ಮೆಲೇ ಮುಚ್ಚಿಕೊಳ್ಳುತ್ತವೆ.

ಆದ್ದರಿಂದ ಇಂದು ಎರಡು ಸಂಗತಿಗಳನ್ನು ನಿಮ್ಮ ಮುಂದಿಡಬೇಕೆಂದಿದ್ದೇನೆ. ಒಂದು, ಸಮೀಕರಣ ಸರಿದೂಗಿಸಲು ಬೇಕಾಗಿರುವುದು ಎಣಿಸುವ ತಾಳ್ಮೆಯೇ ಹೊರತು ವಿಶೇಷ ಬುದ್ಧಿಯಲ್ಲ. ಎರಡು, ಈ ಲೆಕ್ಕ ಕೇವಲ ಅಂಕಗಳಿಗಾಗಿ ಇರುವುದಲ್ಲ. ನಮ್ಮ ಮನೆಯ ಗೋಡೆ, ತೋಟ, ಅಡುಗೆಮನೆ, ಬಚ್ಚಲುಮನೆಗಳಲ್ಲಿ ಅದು ದಿನವೂ ನಡೆಯುತ್ತಿದೆ. ಅದನ್ನು ಅರಿಯದಿದ್ದರೆ ಕೆಲವೊಮ್ಮೆ ಪ್ರಾಣಕ್ಕೇ ಅಪಾಯ.

ಲೆಕ್ಕ ಎಲ್ಲಿಂದ ಬಂತು?

ಸೌದೆ ಉರಿದು ಹಿಡಿ ಬೂದಿ ಉಳಿಯುತ್ತದೆ. ಉಳಿದ ತೂಕ ಎಲ್ಲಿ ಹೋಯಿತು? ಕಬ್ಬಿಣ ತುಕ್ಕು ಹಿಡಿದರೆ ತೂಕ ಹೆಚ್ಚುತ್ತದೆ. ಆ ಹೆಚ್ಚುವರಿ ಎಲ್ಲಿಂದ ಬಂತು? ಬಹಳ ಕಾಲ ಈ ಪ್ರಶ್ನೆಗಳಿಗೆ ಸರಿಯಾದ ಉತ್ತರ ಸಿಕ್ಕಿರಲಿಲ್ಲ. ಫ್ರಾನ್ಸಿನ ವಿಜ್ಞಾನಿ ಆಂಟ್ವಾನ್ ಲವಾಸಿಯೆ ಉತ್ತರವನ್ನು ತಕ್ಕಡಿಯಲ್ಲಿ ಮತ್ತು ಮುಚ್ಚಿದ ಪಾತ್ರೆಯಲ್ಲಿ ಹುಡುಕಿದರು. ಅವರು ಪಾದರಸವನ್ನು ಗಾಳಿಯೊಡನೆ ಮುಚ್ಚಿದ ಗಾಜಿನ ಪಾತ್ರೆಯಲ್ಲಿಟ್ಟು ಹನ್ನೆರಡು ದಿನ ಕಾಯಿಸಿದರು. ಪಾದರಸದ ಮೇಲೆ ಕೆಂಪು ಪುಡಿ ಕಾಣಿಸಿಕೊಂಡಿತು, ಒಳಗಿನ ಗಾಳಿಯಲ್ಲಿ ಸುಮಾರು ಆರನೇ ಒಂದು ಭಾಗ ಕಡಿಮೆಯಾಯಿತು. ಆ ಕೆಂಪು ಪುಡಿಯನ್ನು ಬೇರೆಯಾಗಿ ಇನ್ನೂ ಹೆಚ್ಚು ಕಾಯಿಸಿದಾಗ ಕಳೆದುಹೋಗಿದ್ದಷ್ಟೇ ಅನಿಲ ಹೊರಬಂತು. ಅದೇ ಆಮ್ಲಜನಕ. ಗಾಳಿ ಕಳೆದುಕೊಂಡದ್ದನ್ನು ಪಾದರಸ ಪಡೆದಿತ್ತು, ಮತ್ತೆ ಹಿಂದಿರುಗಿಸಿತು.

1789ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಲವಾಸಿಯೆ ಈ ತತ್ವವನ್ನು ಸ್ಪಷ್ಟಪಡಿಸಿದರು: ರಾಸಾಯನಿಕ ಕ್ರಿಯೆಯಲ್ಲಿ ಯಾವ ವಸ್ತುವೂ ಹೊಸದಾಗಿ ಸೃಷ್ಟಿಯಾಗುವುದಿಲ್ಲ, ನಾಶವಾಗುವುದೂ ಇಲ್ಲ. ನಾವು ಇದನ್ನು ರಾಶಿ ಸಂರಕ್ಷಣಾ ನಿಯಮ ಎಂದು ಓದುತ್ತೇವೆ. ಅವರ ಪತ್ನಿ ಮೇರಿ ಆನ್ ಆ ಗ್ರಂಥದ ಚಿತ್ರಗಳನ್ನು ತಾವೇ ಬಿಡಿಸಿದ್ದರು, ಇಂಗ್ಲಿಷಿನ ರಸಾಯನಶಾಸ್ತ್ರದ ಬರಹಗಳನ್ನು ಪತಿಗಾಗಿ ಅನುವಾದಿಸುತ್ತಿದ್ದರು. ಹೆಣ್ಣುಮಕ್ಕಳು ಇದನ್ನು ನೆನಪಿಟ್ಟುಕೊಳ್ಳಿ. ಈ ಶಾಸ್ತ್ರದ ಅಡಿಪಾಯದಲ್ಲಿಯೇ ಒಬ್ಬ ಮಹಿಳೆಯ ಶ್ರಮವಿದೆ.

ಸಮೀಕರಣವೆಂದರೆ ಈ ನಿಯಮದ ಬರಹ ರೂಪ. ಬಾಣದ ಎಡಗಡೆ ಇರುವುದು ಪ್ರತಿವರ್ತಕಗಳು, ಬಲಗಡೆ ಇರುವುದು ಉತ್ಪನ್ನಗಳು. ಎಡಗಡೆ ಇದ್ದ ಪ್ರತಿಯೊಂದು ಪರಮಾಣುವಿಗೂ ಬಲಗಡೆ ಲೆಕ್ಕ ಸಿಗಬೇಕು. ಅಂಗಡಿಯಲ್ಲಿ ಕುಳಿತು ಸಂಜೆ ಜಮಾ ಖರ್ಚು ತಾಳೆ ನೋಡುವ ನಿಮ್ಮ ತಂದೆಯವರು ಮಾಡುವುದೂ ಇದೇ ಕೆಲಸ.

ಸೂತ್ರವನ್ನು ಮುಟ್ಟಬೇಡಿ

ಜಲಜನಕ ಆಮ್ಲಜನಕದಲ್ಲಿ ಉರಿದು ನೀರಾಗುತ್ತದೆ. ಸಂಕೇತಗಳಲ್ಲಿ ಎಚ್ ಎಂದರೆ ಜಲಜನಕ, ಓ ಎಂದರೆ ಆಮ್ಲಜನಕ, ಸಿ ಎಂದರೆ ಇಂಗಾಲ.

ಎಚ್₂ + ಓ₂ → ಎಚ್₂ಓ

ಎಡಗಡೆ ಆಮ್ಲಜನಕದ ಪರಮಾಣುಗಳು ಎರಡು, ಬಲಗಡೆ ಒಂದು. ಅವಸರದ ವಿದ್ಯಾರ್ಥಿ ಏನು ಮಾಡುತ್ತಾನೆ? ಬಲಗಡೆಯ ಓ ಕೆಳಗೆ ಒಂದು 2 ಹಾಕಿ ಎಚ್₂ಓ₂ ಎಂದು ಬರೆಯುತ್ತಾನೆ. ಲೆಕ್ಕ ಕೂಡಿತು, ಆದರೆ ನೀರು ಹೋಯಿತು! ಎಚ್₂ಓ₂ ನೀರಲ್ಲ, ಹೈಡ್ರೋಜನ್ ಪೆರಾಕ್ಸೈಡ್. ಅದನ್ನು ಗಾಯ ತೊಳೆಯಲು, ಬಣ್ಣ ತೆಗೆಯಲು ಬಳಸುತ್ತಾರೆ, ಕುಡಿಯುವಂತಿಲ್ಲ. ಕೆಳಗಿನ ಸಣ್ಣ ಸಂಖ್ಯೆ ಬದಲಾದರೆ ವಸ್ತುವೇ ಬದಲಾಗುತ್ತದೆ. ಆದ್ದರಿಂದ ಮೊದಲ ನಿಯಮ: ಸೂತ್ರದ ಒಳಗೆ ಕೈ ಹಾಕಬೇಡಿ, ಸೂತ್ರದ ಮುಂದೆ ಮಾತ್ರ ಸಂಖ್ಯೆ ಹಾಕಿ. ಮುಂದೆ ಹಾಕುವ ಆ ಸಂಖ್ಯೆಗೆ ಸಹಗುಣಕ ಎಂದು ಹೆಸರು.

2ಎಚ್₂ + ಓ₂ → 2ಎಚ್₂ಓ

ಈಗ ಎರಡೂ ಕಡೆ ಜಲಜನಕ ನಾಲ್ಕು, ಆಮ್ಲಜನಕ ಎರಡು. ತಕ್ಕಡಿ ಸಮವಾಯಿತು.

ನೀರಿನ ಸೂತ್ರ ಎಚ್₂ಓ ಎಂಬುದೂ ಸುಲಭವಾಗಿ ಸಿಕ್ಕಿದ್ದಲ್ಲ. ಪರಮಾಣು ಸಿದ್ಧಾಂತ ಮಂಡಿಸಿದ ಜಾನ್ ಡಾಲ್ಟನ್ ನೀರಿನಲ್ಲಿ ಒಂದು ಜಲಜನಕ, ಒಂದು ಆಮ್ಲಜನಕ ಇದೆಯೆಂದು ಭಾವಿಸಿದ್ದರು. 1811ರಲ್ಲಿ ಇಟಲಿಯ ಅವೊಗಾಡ್ರೋ, ಎರಡು ಪಾಲು ಜಲಜನಕ ಒಂದು ಪಾಲು ಆಮ್ಲಜನಕದೊಡನೆ ಸೇರುವುದರ ಅರ್ಥವನ್ನು ಸರಿಯಾಗಿ ಗ್ರಹಿಸಿದರು. ಆದರೂ ವಿಜ್ಞಾನಿಗಳು ಒಮ್ಮತದತ್ತ ಬಂದದ್ದು 1860ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆ ನಗರದ ಸಮ್ಮೇಳನದಲ್ಲಿ ಕನಿಜಾರೋ ಅವೊಗಾಡ್ರೋರ ವಿಚಾರವನ್ನು ಎತ್ತಿ ಹಿಡಿದ ನಂತರವೇ. ದೊಡ್ಡ ದೊಡ್ಡ ವಿದ್ವಾಂಸರಿಗೇ ಐವತ್ತು ವರ್ಷ ಹಿಡಿದದ್ದು ನಿಮಗೆ ಒಂದು ಪೀರಿಯಡ್‌ನಲ್ಲಿ ತಿಳಿಯಲಿಲ್ಲವೆಂದು ಬೇಸರಪಡಬೇಕಾಗಿಲ್ಲ.

ಸರಿದೂಗಿಸುವ ಕ್ರಮ

ಈಗ ಸ್ವಲ್ಪ ದೊಡ್ಡ ಲೆಕ್ಕ ತೆಗೆದುಕೊಳ್ಳೋಣ. ನಮ್ಮ ಮನೆಯ ಎಲ್.ಪಿ.ಜಿ. ಸಿಲಿಂಡರಿನಲ್ಲಿ ಮುಖ್ಯವಾಗಿ ಇರುವುದು ಪ್ರೊಪೇನ್ ಮತ್ತು ಬ್ಯೂಟೇನ್ ಎಂಬ ಎರಡು ಅನಿಲಗಳು. ಪ್ರೊಪೇನ್ ಉರಿಯುವ ಕ್ರಿಯೆ ಇದು:

ಸಿ₃ಎಚ್₈ + ಓ₂ → ಸಿಓ₂ + ಎಚ್₂ಓ

ಮೊದಲ ಹೆಜ್ಜೆ, ಇಂಗಾಲ. ಎಡಗಡೆ ಮೂರು ಇದೆ, ಆದ್ದರಿಂದ ಬಲಗಡೆ 3ಸಿಓ₂. ಎರಡನೇ ಹೆಜ್ಜೆ, ಜಲಜನಕ. ಎಡಗಡೆ ಎಂಟು ಇದೆ. ಒಂದು ನೀರಿನ ಅಣುವಿನಲ್ಲಿ ಎರಡು, ಆದ್ದರಿಂದ 4ಎಚ್₂ಓ. ಮೂರನೇ ಹೆಜ್ಜೆ, ಆಮ್ಲಜನಕ. ಬಲಗಡೆ ಎಣಿಸಿ: 3ಸಿಓ₂ನಲ್ಲಿ ಆರು, 4ಎಚ್₂ಓನಲ್ಲಿ ನಾಲ್ಕು, ಒಟ್ಟು ಹತ್ತು. ಎಡಗಡೆ ಆಮ್ಲಜನಕ ಜೋಡಿ ಜೋಡಿಯಾಗಿ ಬರುತ್ತದೆ, ಆದ್ದರಿಂದ 5ಓ₂.

ಸಿ₃ಎಚ್₈ + 5ಓ₂ → 3ಸಿಓ₂ + 4ಎಚ್₂ಓ

ಆಮ್ಲಜನಕವನ್ನು ಕೊನೆಗೆ ಇಟ್ಟುಕೊಂಡದ್ದೇಕೆ? ಅದು ಬಲಗಡೆಯ ಎರಡು ವಸ್ತುಗಳಲ್ಲಿಯೂ ಇದೆ, ಎಡಗಡೆ ಒಂಟಿಯಾಗಿದೆ. ಒಂಟಿಯಾಗಿರುವ ಧಾತುವಿನ ಮುಂದೆ ಸಂಖ್ಯೆ ಬದಲಾಯಿಸಿದರೆ ಬೇರೆ ಯಾವುದೂ ಕೆಡುವುದಿಲ್ಲ. ಒಂಟಿಯಾಗಿರುವುದನ್ನು ಕೊನೆಗೆ ಮುಟ್ಟಿ, ಇದು ಎರಡನೇ ನಿಯಮ.

ಬ್ಯೂಟೇನ್‌ಗೆ ಇದೇ ಕ್ರಮದಲ್ಲಿ ಹೋದರೆ ಬಲಗಡೆ 4ಸಿಓ₂, 5ಎಚ್₂ಓ. ಆಮ್ಲಜನಕ ಒಟ್ಟು ಹದಿಮೂರು. ಜೋಡಿ ಮಾಡಿದರೆ ಆರೂವರೆ. ಅರ್ಧ ಅಣು ಇಲ್ಲದ್ದರಿಂದ ಇಡೀ ಸಮೀಕರಣವನ್ನು ಎರಡರಿಂದ ಗುಣಿಸಿ:

2ಸಿ₄ಎಚ್₁₀ + 13ಓ₂ → 8ಸಿಓ₂ + 10ಎಚ್₂ಓ

ಅರ್ಧ ಬಂದರೆ ಎರಡರಿಂದ ಗುಣಿಸಿ, ಇದು ಮೂರನೇ ನಿಯಮ. ಕೊನೆಯಲ್ಲಿ ಎರಡೂ ಕಡೆ ಇನ್ನೊಮ್ಮೆ ಎಣಿಸಿ ನೋಡುವುದು ನಾಲ್ಕನೆಯದು. ಈ ನಾಲ್ಕೇ ನಿಯಮಗಳಲ್ಲಿ ನಿಮ್ಮ ಪಠ್ಯಪುಸ್ತಕದ ಬಹುತೇಕ ಸಮೀಕರಣಗಳು ಬಗ್ಗುತ್ತವೆ.

ಕ್ರಿಯೆಗಳ ಬಗೆಗಳು: ಸುಣ್ಣದ ಕತೆ

ಪರೀಕ್ಷೆಯಲ್ಲಿ 'ಇದು ಯಾವ ಬಗೆಯ ಕ್ರಿಯೆ?' ಎಂದು ಕೇಳುತ್ತಾರೆ. ಹೆಸರುಗಳನ್ನು ಉರುಹೊಡೆಯುವ ಬದಲು ಏನು ನಡೆಯಿತೆಂದು ನೋಡಿ. ನಮ್ಮ ಕರಾವಳಿಯಲ್ಲಿ ಕಪ್ಪೆಚಿಪ್ಪನ್ನು ಸುಟ್ಟು ಸುಣ್ಣ ಮಾಡುತ್ತಿದ್ದರು. ಚಿಪ್ಪಿನಲ್ಲಿರುವುದು ಕ್ಯಾಲ್ಸಿಯಂ ಕಾರ್ಬೊನೇಟ್. ಗೂಡಿನಲ್ಲಿ ಅದು ಒಡೆಯುತ್ತದೆ:

ಕ್ಯಾಲ್ಸಿಯಂ ಕಾರ್ಬೊನೇಟ್ → ಕ್ಯಾಲ್ಸಿಯಂ ಆಕ್ಸೈಡ್ + ಇಂಗಾಲದ ಡೈಆಕ್ಸೈಡ್

ಒಂದು ಇದ್ದದ್ದು ಎರಡಾಯಿತು, ಆದ್ದರಿಂದ ವಿಭಜನ ಕ್ರಿಯೆ. 100 ಗ್ರಾಂ ಒಡೆದರೆ 56 ಗ್ರಾಂ ಸುಟ್ಟ ಸುಣ್ಣ, 44 ಗ್ರಾಂ ಅನಿಲ. ಶಾಖವನ್ನು ಹೀರಿಕೊಳ್ಳುವುದರಿಂದ ಇದು ಅಂತರುಷ್ಣಕ.

ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಅದು ಬುಸುಗುಟ್ಟಿ ಅರಳುತ್ತದೆ:

ಕ್ಯಾಲ್ಸಿಯಂ ಆಕ್ಸೈಡ್ + ನೀರು → ಕ್ಯಾಲ್ಸಿಯಂ ಹೈಡ್ರಾಕ್ಸೈಡ್

ಎರಡು ಇದ್ದದ್ದು ಒಂದಾಯಿತು, ಆದ್ದರಿಂದ ಸಂಯೋಗ ಕ್ರಿಯೆ. 56 ಗ್ರಾಂ ಮತ್ತು 18 ಗ್ರಾಂ ಸೇರಿ 74 ಗ್ರಾಂ. ಇಲ್ಲಿ ಶಾಖ ಹೊರಬರುತ್ತದೆ, ಆದ್ದರಿಂದ ಬಹಿರುಷ್ಣಕ. ನೀರು ಕುದಿಯುವಷ್ಟು ಶಾಖ ಏಳಬಹುದು. ಸುಣ್ಣ ಅರಳಿಸುವ ಕಡೆ ಚಿಕ್ಕ ಮಕ್ಕಳನ್ನು ಬಿಡಬಾರದು. ಒಂದು ಹನಿ ಕಣ್ಣಿಗೆ ಸಿಡಿದರೂ ದೃಷ್ಟಿಗೆ ಅಪಾಯ. ಸಿಡಿದರೆ ಉಜ್ಜದೆ, ಶುದ್ಧ ನೀರಿನಿಂದ ಬಹಳ ಹೊತ್ತು ತೊಳೆದು ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು.

ಆ ಸುಣ್ಣವನ್ನು ಗೋಡೆಗೆ ಬಳಿದರೆ ಅದು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಗಟ್ಟಿಯಾಗುತ್ತದೆ, ನೀರು ಹೊರಹೋಗುತ್ತದೆ. ಸಮುದ್ರದ ಚಿಪ್ಪು ಗೂಡಿಗೆ ಹೋಗಿ, ನೀರಿನಲ್ಲಿ ಅರಳಿ, ಗೋಡೆಯ ಮೇಲೆ ಮತ್ತೆ ಚಿಪ್ಪಿನ ವಸ್ತುವೇ ಆಯಿತು. ಮೂರು ಸಮೀಕರಣಗಳಲ್ಲಿ ಒಂದು ಕ್ಯಾಲ್ಸಿಯಂ ಪರಮಾಣು ಕೂಡ ಕಳೆದುಹೋಗಲಿಲ್ಲ.

ಅಡಿಕೆ ತೋಟದ ಎರಡು ಕ್ರಿಯೆಗಳು

ಮಲೆನಾಡು, ಕರಾವಳಿಯ ವಿದ್ಯಾರ್ಥಿಗಳಿಗೆ ಬೋರ್ಡೋ ದ್ರಾವಣ ಗೊತ್ತು. 1885ರಲ್ಲಿ ಫ್ರಾನ್ಸಿನ ಮಿಲಾರ್ಡೆ ದ್ರಾಕ್ಷಿಯ ರೋಗಕ್ಕೆ ಪರಿಚಯಿಸಿದ ಈ ಮದ್ದು ನಮ್ಮಲ್ಲಿ ಅಡಿಕೆಯ ಕೊಳೆರೋಗಕ್ಕೆ ಬಳಕೆಯಾಗುತ್ತಿದೆ. ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಸರಳವಾಗಿ ಬರೆದರೆ:

ತಾಮ್ರದ ಸಲ್ಫೇಟ್ + ಕ್ಯಾಲ್ಸಿಯಂ ಹೈಡ್ರಾಕ್ಸೈಡ್ → ತಾಮ್ರದ ಹೈಡ್ರಾಕ್ಸೈಡ್ + ಕ್ಯಾಲ್ಸಿಯಂ ಸಲ್ಫೇಟ್

ಇಬ್ಬರು ಜೊತೆಗಾರರನ್ನು ಅದಲು ಬದಲು ಮಾಡಿಕೊಂಡರು. ಇದು ದ್ವಿಸ್ಥಾನಪಲ್ಲಟ ಕ್ರಿಯೆ.

ದ್ರಾವಣ ಸರಿಯಾಯಿತೇ ಎಂದು ತಿಳಿಯಲು ಅನುಭವಿ ರೈತರು ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚೂರಿಯನ್ನು ಅದರಲ್ಲಿ ಅದ್ದಿ ನೋಡುತ್ತಾರೆ. ಚೂರಿಯ ಮೇಲೆ ಕೆಂಪು ಲೇಪ ಕಂಡರೆ ಇನ್ನಷ್ಟು ಸುಣ್ಣದ ತಿಳಿ ಸೇರಿಸಬೇಕು. ಏಕೆ?

ಕಬ್ಬಿಣ + ತಾಮ್ರದ ಸಲ್ಫೇಟ್ → ಕಬ್ಬಿಣದ ಸಲ್ಫೇಟ್ + ತಾಮ್ರ

ಹೆಚ್ಚು ಕ್ರಿಯಾಶೀಲವಾದ ಕಬ್ಬಿಣ ತಾಮ್ರವನ್ನು ಅದರ ಜಾಗದಿಂದ ಹೊರಹಾಕಿತು. ಇದು ಸ್ಥಾನಪಲ್ಲಟ ಕ್ರಿಯೆ. ಕೆಂಪು ಲೇಪವೆಂದರೆ ಸುಣ್ಣದೊಡನೆ ಸೇರದೆ ಉಳಿದ ತಾಮ್ರದ ಸಲ್ಫೇಟ್ ಇನ್ನೂ ಇದೆಯೆಂದು ಅರ್ಥ. ಅದು ಎಳೆಕಾಯಿ, ಎಲೆಗಳನ್ನು ಸುಡಬಲ್ಲದು. ಇದೇ ಕಾರಣಕ್ಕೆ ಈ ದ್ರಾವಣವನ್ನು ಕಬ್ಬಿಣದ ಡ್ರಮ್ಮಿನಲ್ಲಿ ಮಾಡಬಾರದು. ಇನ್ನು, ಬಾಯಿ ತೆರೆದಿಟ್ಟ ಹಳೆಯ ಸುಣ್ಣ ಇಲ್ಲಿ ಕೈಕೊಡುವುದೇಕೆ? ಅದು ಗೋಡೆಯ ಸುಣ್ಣದಂತೆಯೇ ಗಾಳಿಯಿಂದ ಮತ್ತೆ ಕಾರ್ಬೊನೇಟ್ ಆಗಿಬಿಟ್ಟಿರುತ್ತದೆ. ಶಾಲೆಯ ಪ್ರಯೋಗಾಲಯದಲ್ಲಿ ಮೊಳೆಯನ್ನು ನೀಲಿ ದ್ರಾವಣದಲ್ಲಿ ಮುಳುಗಿಸಿದಾಗ ನೀವು ನೋಡುವುದೂ ತೋಟದ ಈ ಪರೀಕ್ಷೆಯನ್ನೇ.

ಒಟ್ಟಾರೆ ಗುರುತು ಇಷ್ಟೇ: ಎರಡು ಸೇರಿ ಒಂದಾದರೆ ಸಂಯೋಗ, ಒಂದು ಒಡೆದು ಹಲವಾದರೆ ವಿಭಜನೆ, ಒಂಟಿ ಧಾತು ಇನ್ನೊಂದರ ಜಾಗ ಹಿಡಿದರೆ ಸ್ಥಾನಪಲ್ಲಟ, ಎರಡು ಸಂಯುಕ್ತಗಳು ಜೊತೆ ಬದಲಿಸಿದರೆ ದ್ವಿಸ್ಥಾನಪಲ್ಲಟ, ಆಮ್ಲಜನಕದೊಡನೆ ಉರಿದು ಶಾಖ, ಬೆಳಕು ಕೊಟ್ಟರೆ ದಹನ.

ಐದರ ಬದಲು ಮೂರೂವರೆ

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿರುವ ಮಾತಿಗೆ ಬರುತ್ತೇನೆ. ತಾಯಂದಿರೂ ಗಮನವಿಟ್ಟು ಕೇಳಬೇಕು.

ಮೇಲಿನ ಪ್ರೊಪೇನ್ ಸಮೀಕರಣವನ್ನು ಗ್ರಾಂಗಳಲ್ಲಿ ಓದಿದರೆ 44 ಗ್ರಾಂ ಪ್ರೊಪೇನ್‌ಗೆ 160 ಗ್ರಾಂ ಆಮ್ಲಜನಕ ಬೇಕು. 132 ಗ್ರಾಂ ಇಂಗಾಲದ ಡೈಆಕ್ಸೈಡ್ ಮತ್ತು 72 ಗ್ರಾಂ ನೀರು ಬರುತ್ತದೆ. ಎರಡೂ ಕಡೆ 204 ಗ್ರಾಂ. ಈ ಲೆಕ್ಕದಂತೆ 14.2 ಕಿಲೋದ ಒಂದು ಸಿಲಿಂಡರ್ ಪೂರ್ತಿ ಉರಿಯಲು ಸುಮಾರು 51 ಕಿಲೋ ಆಮ್ಲಜನಕ ಬೇಕು. ಅಂದರೆ 200 ಕಿಲೋಗಿಂತ ಹೆಚ್ಚು ಗಾಳಿ! ಹೊರಬರುವುದು ಸುಮಾರು 43 ಕಿಲೋ ಇಂಗಾಲದ ಡೈಆಕ್ಸೈಡ್ ಮತ್ತು 22 ಕಿಲೋಗೂ ಹೆಚ್ಚು ನೀರಾವಿ. ಸಿಲಿಂಡರನ್ನು ಹಣ ಕೊಟ್ಟು ತರುತ್ತೇವೆ. ಗಾಳಿ ಕಿಟಕಿಯಿಂದ ಪುಕ್ಕಟೆ ಬರುವುದರಿಂದ ಅದರ ಲೆಕ್ಕ ಮರೆಯುತ್ತೇವೆ.

ಕಿಟಕಿ ಮುಚ್ಚಿದರೆ ಏನಾಗುತ್ತದೆ? ಒಂದು ಅಣು ಪ್ರೊಪೇನ್‌ಗೆ ಐದು ಅಣು ಆಮ್ಲಜನಕ ಸಿಗದೆ ಮೂರೂವರೆಯಷ್ಟೇ ಸಿಕ್ಕಿತೆನ್ನಿ. ಸಮೀಕರಣ ಹೀಗಾಗುತ್ತದೆ:

2ಸಿ₃ಎಚ್₈ + 7ಓ₂ → 6ಸಿಓ + 8ಎಚ್₂ಓ

ಎಣಿಸಿ ನೋಡಿ, ಇದೂ ಸರಿದೂಗಿದೆ. ಆದರೆ ಸಿಓ₂ ಇದ್ದ ಕಡೆ ಸಿಓ ಬಂದಿದೆ. ಅದೇ ಇಂಗಾಲದ ಮಾನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗ್ಯಾಸ್ ಸೋರಿದರೆ ಗೊತ್ತಾಗಲೆಂದು ಎಲ್.ಪಿ.ಜಿ.ಗೆ ದುರ್ವಾಸನೆಯ ವಸ್ತುವನ್ನು ಬೆರೆಸಿರುತ್ತಾರೆ; ಈ ವಿಷಾನಿಲಕ್ಕೆ ಅಂಥ ಮುನ್ಸೂಚನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಮಂಪರು. ಬಾಗಿಲು ತೆರೆಯಬೇಕೆಂದು ತೋಚುವುದರೊಳಗೆ ಕೈಕಾಲಿನ ಶಕ್ತಿ ಉಡುಗಿರುತ್ತದೆ.

ಮುಚ್ಚಿದ ಚಿಕ್ಕ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಇಟ್ಟುಕೊಂಡು ಸ್ನಾನ ಮಾಡುವುದು, ಚಳಿಗೆ ಬಾಗಿಲು ಮುಚ್ಚಿ ಕೆಂಡದ ಒಲೆಯನ್ನು ಕೋಣೆಯಲ್ಲಿಟ್ಟು ಮಲಗುವುದು, ಇವೆರಡೂ ಇದೇ ಸಮೀಕರಣಕ್ಕೆ ಆಹ್ವಾನ. ಗೀಸರ್ ಬಚ್ಚಲಿನ ಹೊರಗಿರಲಿ. ಅದು ಸಾಧ್ಯವಾಗದಿದ್ದರೆ ಬಾಗಿಲು ಕಿಟಕಿ ತೆರೆದಿಟ್ಟು ಬಕೆಟ್ ತುಂಬಿಸಿಕೊಂಡು, ಗೀಸರ್ ಆರಿಸಿದ ನಂತರವೇ ಸ್ನಾನಕ್ಕೆ ಹೋಗಿ. ಒಲೆಯ ಉರಿ ನೀಲಿಯಾಗಿರಬೇಕು. ಹಳದಿಯಾಗಿ ಪಾತ್ರೆಗೆ ಮಸಿ ಹಿಡಿಸುತ್ತಿದ್ದರೆ ಆಮ್ಲಜನಕ ಸಾಲುತ್ತಿಲ್ಲವೆಂದು ಆ ಉರಿಯೇ ಹೇಳುತ್ತಿದೆ; ಬರ್ನರ್ ಸ್ವಚ್ಛ ಮಾಡಿಸಿ.

ಬಚ್ಚಲುಮನೆಯ ಇನ್ನೊಂದು ಸಮೀಕರಣವನ್ನೂ ತಿಳಿದಿರಿ:

ಬ್ಲೀಚಿಂಗ್ ಪೌಡರ್ + 2 ಹೈಡ್ರೋಕ್ಲೋರಿಕ್ ಆಮ್ಲ → ಕ್ಯಾಲ್ಸಿಯಂ ಕ್ಲೋರೈಡ್ + ನೀರು + ಕ್ಲೋರಿನ್

ಹೆಚ್ಚು ಸ್ವಚ್ಛವಾಗಲೆಂದು ಬ್ಲೀಚಿಂಗ್ ಪೌಡರ್ ಮತ್ತು ಆಸಿಡ್ ಇರುವ ಟಾಯ್ಲೆಟ್ ಕ್ಲೀನರ್ ಎರಡನ್ನೂ ಒಟ್ಟಿಗೆ ಸುರಿಯುವವರಿದ್ದಾರೆ. ಹುಟ್ಟುವುದು ಶ್ವಾಸಕೋಶವನ್ನು ಸುಡುವ ಕ್ಲೋರಿನ್ ಅನಿಲ. ಎರಡರಲ್ಲಿ ಒಂದನ್ನು ಮಾತ್ರ ಬಳಸಿ.

ಬೆರೆಯಬಾರದ್ದು ಬೆರೆತಾಗ ಏನಾಗುತ್ತದೆಂಬುದಕ್ಕೆ ನಮ್ಮ ದೇಶದಲ್ಲಿಯೇ ಕಹಿ ಉದಾಹರಣೆಯಿದೆ. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದ ಕಾರ್ಖಾನೆಯಲ್ಲಿ ಮಿಥೈಲ್ ಐಸೋಸಯನೇಟ್ ತುಂಬಿದ್ದ ಟ್ಯಾಂಕಿಗೆ ನೀರು ಸೇರಿತು. ಬಹಿರುಷ್ಣಕ ಕ್ರಿಯೆ ನಡೆದು, ಶಾಖ ಮತ್ತು ಒತ್ತಡ ಏರಿ ವಿಷಾನಿಲ ಊರಿನ ಮೇಲೆ ಹರಡಿತು. ಸಾವಿರಾರು ಜನ ಪ್ರಾಣ ಕಳೆದುಕೊಂಡರು. ಬಹಿರುಷ್ಣಕ ಎಂಬುದು ಒಂದು ಅಂಕದ ಪ್ರಶ್ನೆಯ ಉತ್ತರ ಮಾತ್ರವಲ್ಲ.

ಕೊನೆಯ ಮಾತು

ವಿದ್ಯಾರ್ಥಿಗಳೇ, ದಿನಕ್ಕೆ ಎರಡೇ ಸಮೀಕರಣ ಸರಿದೂಗಿಸಿ. ಪುಸ್ತಕ ಮುಚ್ಚಿ ಬರೆಯಿರಿ, ಎರಡೂ ಕಡೆ ಎಣಿಸಿ, ಯಾವ ಬಗೆಯ ಕ್ರಿಯೆ ಎಂದು ಪಕ್ಕದಲ್ಲಿ ಬರೆಯಿರಿ. ತಿಂಗಳಿಗೆ ಅರವತ್ತಾಗುತ್ತದೆ. ತಿಳಿಯದಿದ್ದರೆ ಮೇಷ್ಟ್ರನ್ನು ಕೇಳಲು ಸಂಕೋಚ ಬೇಡ. ಗೆಳೆಯನಿಗೆ ಒಂದನ್ನು ವಿವರಿಸಿ ನೋಡಿ. ಹೇಳಿಕೊಡುವಾಗ ನಿಮಗೇ ಹೆಚ್ಚು ತಿಳಿಯುತ್ತದೆ. ಮನೆಗೆ ಹೋದ ಮೇಲೆ ಅಮ್ಮನ ಒಲೆಯ ಉರಿ ಯಾವ ಬಣ್ಣದ್ದೆಂದು ನೋಡಿ, ಗೀಸರ್ ಇದ್ದರೆ ಎಲ್ಲಿದೆಯೆಂದು ನೋಡಿ. ಈ ಮಾತುಗಳನ್ನು ಮನೆಯವರಿಗೂ ತಿಳಿಸಿ.

ಹಿರಿಯರಲ್ಲಿ ನನ್ನ ವಿನಂತಿ ಒಂದೇ. ನಿಮ್ಮ ಮಗನೋ ಮಗಳೋ ವಿಜ್ಞಾನ ಕಷ್ಟ ಎಂದರೆ ಕೂಡಲೇ ಒಪ್ಪಿಕೊಳ್ಳಬೇಡಿ. ಯಾವ ಹೆಜ್ಜೆಯಲ್ಲಿ ಕಷ್ಟ ಎಂದು ಕೇಳಿ. ಬಹಳ ಸಲ ಸಿಕ್ಕು ಬಿದ್ದಿರುವುದು ಒಂದೇ ಒಂದು ಹೆಜ್ಜೆಯಲ್ಲಿ; ಅದನ್ನು ಬಿಡಿಸಿದರೆ ಮಗು ಮುಂದೆ ತಾನೇ ನಡೆಯುತ್ತದೆ.

ಹೋಗುವ ಮೊದಲು ಒಂದು ಲೆಕ್ಕ. ನಾವು ತಿಂದ ಅನ್ನ, ರೊಟ್ಟಿ ಹೊಟ್ಟೆಯಲ್ಲಿ ಗ್ಲೂಕೋಸ್ ಆಗುತ್ತದೆ. ನಾವು ಉಸಿರಾಡಿದ ಆಮ್ಲಜನಕ ಅದರೊಡನೆ ಸೇರಿ ನಮಗೆ ಶಕ್ತಿ ದೊರೆಯುತ್ತದೆ. ಈ ಸಭೆಯಲ್ಲಿ ಕುಳಿತ ಪ್ರತಿಯೊಬ್ಬರ ಮೈಯಲ್ಲಿ ಈ ಕ್ಷಣ ನಡೆಯುತ್ತಿರುವ ಕ್ರಿಯೆ ಇದು:

ಸಿ₆ಎಚ್₁₂ಓ₆ + ಓ₂ → ಸಿಓ₂ + ಎಚ್₂ಓ

ಇದನ್ನು ನೀವೇ ಸರಿದೂಗಿಸಿ. ಒಂದು ಎಚ್ಚರಿಕೆ: ಇಲ್ಲಿ ಗ್ಲೂಕೋಸಿನ ಒಳಗೂ ಆಮ್ಲಜನಕವಿದೆ, ಅದನ್ನು ಎಣಿಸಲು ಮರೆಯಬೇಡಿ. ಉತ್ತರ ನಾನು ಹೇಳುವುದಿಲ್ಲ. ಒಂದೇ ಅಂಕಿ ಮೂರು ಕಡೆ ಬಂದರೆ ನಿಮ್ಮ ಲೆಕ್ಕ ಸರಿಯಾಗಿದೆ ಎಂದು ತಿಳಿಯಿರಿ.